ಹಳದಿ ತಂಡದ ಅಂಗಳ

ಬಾಗಿಲು ಗೋಡೆಗೆ ಬಡಿದ ರಭಸಕ್ಕೆ ಮೇಡಂ ಕೈಯಲ್ಲಿದ್ದ ಕೆಂಪು ಪೆನ್ನು ಉತ್ತರಪತ್ರಿಕೆಯ ಉದ್ದಕ್ಕೂ ಗೀರೆಳೆಯಿತು. ತಲೆಯೆತ್ತಿ ನೋಡಿದರೆ ಕ್ಲಚ್ಚಕ್ಕ ನಿಂತಿದ್ದಳು.

"ನಿಮ್ಮ ಹುಡುಗೀರಿಗೆ ಹೇಳ್ಬಿಡಿ ಮೇಡಂ. ಇನ್ನೊಂದ್ಸಲ ನನ್ನ ಶೆಡ್ಡಿನ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ."

"ಮೊದಲು ಕೂತ್ಕೊಳ್ಳಮ್ಮಾ. ಏನಾಯ್ತು?"

"ಕೂತ್ಕೊಳ್ಳೋಕೆ ಬಂದಿಲ್ಲ. ನನ್ನ ಜಾಗ ಹೋಯ್ತು. ಆ ಹಳೇ ಉಗ್ರಾಣದ ಅಂಗಳ ಬಿಳೀ ಕಾರಿನ ಡ್ರೈವಿಂಗ್ ಶಾಲೆಯೋರ ಪಾಲಾಯ್ತು. ಗೇಟಿಗೆ ಬೋರ್ಡೂ ಹಾಕಿದಾರೆ. ಏನಂತ ಬರೆದಿದಾರೆ ಗೊತ್ತಾ? 'ಬೈಗುಳ ಇಲ್ಲ, ಅವಸರ ಇಲ್ಲ, ಹೆಂಗಸರಿಗೆ ಮಾತ್ರ.' ಇದು ಯಾರ ಮಾತು? ನಿಮ್ಮ ಹುಡುಗೀರ ಮುಂದೆ ಕೂತು ನಾನು ಆಡಿದ ಮಾತು!"

ಕ್ಲಚ್ಚಕ್ಕನ ಡ್ರೈವಿಂಗ್ ಶಾಲೆಗೆ ಒಂದು ಹೆಸರಿತ್ತು; ಅದು ಅವಳಿಗೇ ಮರೆತಂತಿತ್ತು. ಟೈರ್ ಅಂಗಡಿಯ ಹಿಂದೆ ತಗಡಿನ ಶೆಡ್ಡು, ಎರಡು ಕಡೆಯೂ ಬ್ರೇಕ್ ಇರುವ ಒಂದು ಹಳೆಯ ಕಾರು, ಊರಿಗೆಲ್ಲ ಕೇಳುವಂಥ ಗಂಟಲು. "ಕ್ಲಚ್ಚು! ಕ್ಲಚ್ಚು!" ಎಂದು ಅವಳು ಕೂಗುವುದನ್ನು ಕೇಳಿ ಜನ ಇಟ್ಟ ಹೆಸರು ಅವಳಿಗೆ ಅಂಟಿಕೊಂಡಿತ್ತು. ಕೂಗುತ್ತಿದ್ದಳೇ ಹೊರತು ಬೈಯುತ್ತಿರಲಿಲ್ಲ. ಅವಳ ಬಳಿ ಕಲಿಯಲು ಬರುತ್ತಿದ್ದವರು ನಲವತ್ತು ದಾಟಿದ ಹೆಂಗಸರು. ಗಂಡನೋ ಅಣ್ಣನೋ ಪಕ್ಕದಲ್ಲಿ ಕೂತು ಕಲಿಸಲು ಹೋಗಿ, ಬೈದು ಬೈದು ಸ್ಟೀರಿಂಗ್ ಕಂಡರೇ ಕೈ ಬೆವರುವಂತೆ ಮಾಡಿಟ್ಟಿದ್ದರು. ಇಂಥವರ ಕೈಗೆ ಮೊದಲ ದಿನವೇ ರಸ್ತೆ ಕೊಟ್ಟರೆ ಎರಡನೆಯ ದಿನ ಬರುವುದಿಲ್ಲ. ಅವರಿಗೆ ಬೇಕಿದ್ದದ್ದು ಖಾಲಿ ನೆಲ. ಶೆಡ್ಡಿನ ಮುಂದಿನ ಓಣಿ ಸಾಕಾಗುತ್ತಿತ್ತು, ಅದರಲ್ಲಿ ಲಾರಿಗಳು ಓಡಾಡತೊಡಗುವವರೆಗೆ. ಲಾರಿ ಬಂದ ಮೇಲೆ ಒಬ್ಬೊಬ್ಬರೇ ಬಿಟ್ಟು ಹೋದರು. ಆಗ ಅವಳ ಕಣ್ಣಿಗೆ ಬಿದ್ದದ್ದು ಆ ಉಗ್ರಾಣದ ಅಂಗಳ. ಬೆಳಗಿನ ಹೊತ್ತು ಅಲ್ಲಿ ನರಪಿಳ್ಳೆ ಇರುವುದಿಲ್ಲ. ಸಿಮೆಂಟಿನ ಸಪಾಟು ನೆಲ, ಸುತ್ತ ಗೋಡೆ, ನೋಡಿ ನಗುವವರಿಲ್ಲ. ಎರಡನೇ ಕಾರು ಕೈಗೆ ಬಂದ ಮೇಲೆ ಹೋಗಿ ಕೇಳುತ್ತೇನೆ, ಒಂದೇ ಡಕೋಟಾ ಗಾಡಿ ಇಟ್ಟುಕೊಂಡು ಕೇಳಿದರೆ ಗೇಟಿನಲ್ಲೇ ನಕ್ಕು ಕಳಿಸುತ್ತಾರೆ ಎಂದು ಕಾದಿದ್ದಳು. ಕಾರು ಗೊತ್ತು ಮಾಡಿಯೂ ಆಗಿತ್ತು. ಅಂಗಳ ಸಿಗದಿದ್ದರೆ ಶಾಲೆ ಮುಚ್ಚುವುದೊಂದೇ ದಾರಿ. ಇದಿಷ್ಟನ್ನೂ ಅವಳು ಬಾಯಿಬಿಟ್ಟು ಹೇಳಿದ್ದು ಮೇಡಂ ಕಳಿಸಿದ ಇಬ್ಬರು ವಿದ್ಯಾರ್ಥಿನಿಯರಿಗೆ. ಅದೂ ಸುಮ್ಮನೆ ಹೇಳಿರಲಿಲ್ಲ. ಮೇಡಮ್ಮೇ ಶೆಡ್ಡಿಗೆ ಹೋಗಿ, ಹರಿದ ಸೀಟಿನ ಮೇಲೆ ಕೂತು, "ನೀವು ಹೇಳಿದ್ದು ನಮ್ಮ ಕೋಣೆ ದಾಟಲ್ಲ, ನನ್ನ ಮಾತು" ಎಂದು ಭರವಸೆ ಕೊಟ್ಟ ಮೇಲೆ.

"ನಿಮ್ಮ ಮಾತು," ಎಂದಳು ಕ್ಲಚ್ಚಕ್ಕ ಈಗ. "ಅದನ್ನ ಎಲ್ಲಿ ಇಟ್ಕೊಳ್ಲಿ ಹೇಳಿ ಮೇಡಂ. ಡಿಕ್ಕೀಲಿ ಇಟ್ಕೊಳ್ಳಲಾ?"

ಕಚೇರಿಯ ಸಹಾಯಕ ಟೀ ತಂದವನು ಬಾಗಿಲಲ್ಲೇ ನಿಂತ. ಒಳಗಿನ ಬಿಸಿ ನೋಡಿ ಹಿಂದಕ್ಕೆ ಹೋಗಬಹುದಿತ್ತು. ಹೋಗದೆ, ಲೋಟವನ್ನು ಸದ್ದಿಲ್ಲದೆ ಕ್ಲಚ್ಚಕ್ಕನ ಕೈಗೆಟುಕುವಲ್ಲಿ ಇಟ್ಟು, ಆರದಿರಲೆಂದು ಮೇಲೆ ತಟ್ಟೆ ಮುಚ್ಚಿ ಹೋದ. ಅವಳು ಅದನ್ನು ಮುಟ್ಟಲಿಲ್ಲ. ಆದರೆ ತಾನು ಹೊರಡುವಾಗ ಬಾಗಿಲಾಚೆ ನಿಂತಿದ್ದ ಅವನ ಕಡೆ ತಿರುಗಿ, "ನಿನ್ನ ಮೇಲಲ್ಲಪ್ಪ ಕೋಪ" ಎಂದಳು.

ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. ಉದ್ಯಮಶೀಲತೆ ಎಂಬ ವಿಷಯವನ್ನು ವಿಶ್ವವಿದ್ಯಾಲಯದಲ್ಲಿ ಕಲಿಸುತ್ತ ಕೂದಲು ನರೆತಿತ್ತು. ಕೊನೆಯ ವರ್ಷದ ಮಕ್ಕಳನ್ನು ತಂಡ ಮಾಡಿ ಊರಿನ ಸಣ್ಣ ವ್ಯಾಪಾರಗಳಿಗೆ ಕಳಿಸುವುದು, ಅವರ ಕಷ್ಟ ಕೇಳಿ ಸಲಹೆ ಬರೆದುಕೊಡುವಂತೆ ಮಾಡುವುದು, ಇದನ್ನು ಶುರು ಮಾಡಿದ್ದೇ ಅವರು. ಯಾವ ಅಂಗಡಿಯವರೂ ಹೀಗೆ ಬಂದು ಬಾಗಿಲು ಬಡಿದಿರಲಿಲ್ಲ.

ಹುಡುಗಿಯರಿಬ್ಬರನ್ನೂ ಕರೆಸಿದರು. ಒಬ್ಬಳು ಎತ್ತರ, ಮಾತಿನ ಮಲ್ಲಿ. ಇನ್ನೊಬ್ಬಳು ಬರೆಯುವವಳು, ಬಾಯಿ ಕಡಿಮೆ.

"ಅಂಗಳದ ವಿಚಾರ ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ಲ ಮೇಡಂ."

"ಸುಳ್ಳು ಹೇಳ್ಬೇಡಿ."

"ಅಮ್ಮನಾಣೆ ಮೇಡಂ, ಮನೇಲೂ ಹೇಳಿಲ್ಲ." ಎತ್ತರದವಳ ಕಣ್ಣಲ್ಲಿ ನೀರು ತುಂಬಿತು. ಇನ್ನೊಬ್ಬಳು ತನ್ನ ಕರ್ಚೀಫನ್ನು ಮೇಜಿನ ಕೆಳಗಿಂದಲೇ ಗೆಳತಿಯ ಕೈಗೆ ತುರುಕಿದಳು. ಆಮೇಲೆ ತಲೆ ತಗ್ಗಿಸಿಕೊಂಡೇ, "ಹೊರಗೆ ಹೇಳಿಲ್ಲ ಮೇಡಂ. ಶುಕ್ರವಾರ ಬೋರ್ಡ್ ಮೇಲೆ ಬರೆದಿದ್ವಲ್ಲ, ಅಷ್ಟೇ" ಎಂದಳು.

ಮೇಡಂ ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು.

ಶುಕ್ರವಾರದ ಬೋರ್ಡ್ ಅವರದೇ ಕೂಸು. ಪ್ರತಿ ಶುಕ್ರವಾರ ಎಲ್ಲ ತಂಡಗಳೂ ತಮ್ಮ ಕೆಲಸವನ್ನು ತರಗತಿಯ ಗೋಡೆಯುದ್ದದ ಬೋರ್ಡಿನ ಮೇಲೆ ಬರೆಯಬೇಕು, ಬೇರೆ ತಂಡದವರು ಓದಿ ತಪ್ಪು ತೋರಿಸಬೇಕು. ಬೆಳಕಿಗೆ ಹಿಡಿದರೆ ವಿಚಾರ ಗಟ್ಟಿಯಾಗುತ್ತದೆ ಎಂದು ಮೇಡಂ ನಂಬಿಕೆ. ಅಂಗಡಿಯವರ ಗುಟ್ಟು ಕಾಪಾಡಲೂ ಏರ್ಪಾಡಿತ್ತು. ಹೆಸರು ಬರೆಯುವಂತಿಲ್ಲ. ಒಂದೊಂದು ತಂಡಕ್ಕೆ ಒಂದೊಂದು ಬಣ್ಣ. ಈ ಹುಡುಗಿಯರದು ಹಳದಿ ತಂಡ; ಉಳಿದವು ನೀಲಿ, ಹಸಿರು, ಹೀಗೆ. ಹಳದಿ ಎಂದರೆ ಯಾವ ಅಂಗಡಿ ಎನ್ನುವುದು ಆ ತಂಡಕ್ಕೂ ಅದರ ಮಾರ್ಗದರ್ಶಕರಿಗೂ ಮಾತ್ರ ಗೊತ್ತು. ಅರ್ಧ ತಂಡಗಳಿಗೆ ಮೇಡಂ ಮಾರ್ಗದರ್ಶಕರು, ಇನ್ನರ್ಧಕ್ಕೆ ಕಿರಿಯ ಸಹೋದ್ಯೋಗಿ. ಒಬ್ಬರ ಅಂಗಡಿ ಯಾವುದೆಂದು ಇನ್ನೊಬ್ಬರು ಕೇಳುವುದಿಲ್ಲ. ಎಷ್ಟು ಜಾಣತನದ ಏರ್ಪಾಡು! ಹೆಸರನ್ನು ಭದ್ರವಾಗಿ ಮುಚ್ಚಿಟ್ಟು, ಉಪಾಯವನ್ನು ಗೋಡೆಯ ಮೇಲೆ ಹರವಿದ್ದರು. ಒಂದೇ ಕಸುಬಿನ ಇಬ್ಬರು ಒಂದೇ ಕೋಣೆಯೊಳಗೆ ಬಂದರೂ ಯಾರಿಗೂ ತಿಳಿಯದಂತೆ ಪರದೆ ಎಳೆದವರು ತಾವೇ.

"ನೀಲಿ ತಂಡದ ಅಂಗಡಿ ಯಾವುದು?" ಎಂದು ಕೇಳಿದರು. ಉತ್ತರ ಹುಡುಗಿಯರಿಗೆ ಗೊತ್ತಿರಲಿಲ್ಲ. ಕೇಳುವ ಮೊದಲೇ ಮೇಡಂಗೆ ಗೊತ್ತಾಗಿಹೋಗಿತ್ತು: ನಡುವೆ ಅಂಗಡಿ ಬದಲಿಸಿಕೊಂಡು, ಹೊಸದರ ವಿಚಾರ ಬೋರ್ಡಿಗೆ ಇನ್ನೂ ಹಾಕದಿದ್ದದ್ದು ನೀಲಿ ತಂಡವೊಂದೇ.

ಕಿರಿಯ ಸಹೋದ್ಯೋಗಿಯನ್ನು ಮಕ್ಕಳು ಮಿಂಚು ಮೇಷ್ಟ್ರು ಎನ್ನುತ್ತಿದ್ದರು. ನಡೆಯುವುದು, ಮಾತಾಡುವುದು, ಅಂಕ ಕೊಡುವುದು ಎಲ್ಲವೂ ಚಕಚಕ. ಅಧ್ಯಾಪಕರ ಕೋಣೆಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಫೋನು ತೀಡುತ್ತಿದ್ದರು.

"ನೀಲಿ ತಂಡಕ್ಕೆ ಬಿಳೀ ಕಾರಿನ ಶಾಲೆ ಕೊಟ್ಟಿದೀರಾ?"

"ಓ, ನಿಮಗೂ ಗೊತ್ತಾಯ್ತಾ? ಒಳ್ಳೇ ಯಜಮಾನ್ರು ಮೇಡಂ. ಮಧ್ಯದಲ್ಲಿ ಒಬ್ರು ಅಂಗಡಿಯೋರು ಕೈಕೊಟ್ರಲ್ಲ, ಆಗ ಹಿಡ್ಕೊಂಡು ಬಂದೆ. ನಮ್ಮ ಹಳೇ ವಿದ್ಯಾರ್ಥಿ ಬೇರೆ. ಮಕ್ಕಳು ಕೆಲಸ ತೋರಿಸೋ ಕೊನೇ ಪ್ರದರ್ಶನಕ್ಕೆ ಅವರನ್ನೇ ಮುಖ್ಯ ಅತಿಥಿ ಮಾಡೋಣ ಅಂತ ಡೀನ್‌ಗೂ ಹೇಳಿದೀನಿ."

"ನನ್ನ ಹಳದಿ ತಂಡವೂ ಡ್ರೈವಿಂಗ್ ಶಾಲೆಗೇ ಕೆಲಸ ಮಾಡ್ತಿದೆ ಅಂತ ಬೋರ್ಡ್ ನೋಡಿದ್ರೆ ಎಂಥವರಿಗೂ ಗೊತ್ತಾಗತ್ತೆ. ನಿಮಗೆ ಗೊತ್ತಾಗ್ಲಿಲ್ವಾ?"

ಅವರು ಫೋನಿನಿಂದ ಕಣ್ಣೆತ್ತಿದರು. "ಗೊತ್ತಾಯ್ತು."

"ಗೊತ್ತಾಗಿ?"

"ಗೊತ್ತಾಗಿ ಏನ್ಮಾಡ್ಬೇಕಿತ್ತು? ಇನ್ನೊಬ್ಬರ ಅಂಗಡಿ ವಿಚಾರ ಕೇಳ್ಬಾರ್ದು ಅಂತ ನಿಯಮ ಮಾಡಿದ್ದು ನೀವು. ಎಲ್ಲಾ ಬೋರ್ಡ್ ಮೇಲೆ ಹಾಕ್ಬೇಕು ಅಂದಿದ್ದೂ ನೀವು. ಬೇರೆ ತಂಡದಿಂದ ಕಲೀರಿ ಅಂತ ವಾರವಾರ ಭಾಷಣ ಮಾಡಿದ್ದೂ ನೀವು. ಕಲ್ತಿದಾರೆ. ಐಡಿಯಾಗೆ ಯಾರೂ ಬೇಲಿ ಹಾಕೋಕಾಗಲ್ಲ ಮೇಡಂ, ಯಾರು ಮೊದಲು ಓಡ್ತಾರೋ ಅವರದು."

"ಓಡೋಕೆ ಕಾಲಿರೋರ ಜೊತೆ ನಿಂತು ಹೇಳೋ ಮಾತು ಅದು. ಆ ಹೆಂಗಸಿನ ಅನ್ನ ಹೋಯ್ತು ರೀ!"

"ವ್ಯಾಪಾರ ಅಂದ್ರೆ ಅದೇ ಅಲ್ವಾ? ನೀವೇ ಪಾಠ ಮಾಡೋದು."

ಮೇಡಂ ಕೈಯಲ್ಲಿ ಒಂದು ದಪ್ಪ ಪುಸ್ತಕವಿತ್ತು. ಎಸೆದುಬಿಡುತ್ತೇನೇನೋ ಎಂದು ಅವರಿಗೇ ಹೆದರಿಕೆಯಾಗಿ ಮೇಜಿನ ಮೇಲಿಟ್ಟರು. ಆ ಮನುಷ್ಯ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಹೊಟ್ಟೆ ಉರಿಸಿದ್ದು ಆ ಅರ್ಧವೇ.

ಡೀನ್ ಬಳಿ ಹೋದರೆ ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿ, "ಆಗಿದ್ದು ಆಗ್ಹೋಯ್ತು. ಆಯಮ್ಮನಿಗೆ ಒಂದು ಪ್ರಶಂಸಾಪತ್ರ ಕೊಟ್ಬಿಡೋಣ, ಫ್ರೇಮ್ ಹಾಕ್ಸಿ" ಎಂದರು. ಮೇಡಂ ಎದ್ದು ಬಂದರು. ಉತ್ತರ ಕೊಟ್ಟಿದ್ದರೆ ಅದು ಆ ಕೋಣೆಗೆ ಒಪ್ಪುವ ಭಾಷೆಯಲ್ಲಿ ಇರುತ್ತಿರಲಿಲ್ಲ.

ಮನೆಯಲ್ಲಿ ಗಂಡ ಕಾಯಿಪಲ್ಯ ಹೆಚ್ಚುತ್ತಿದ್ದರು. ನಿವೃತ್ತರಾದ ಮೇಲೆ ಅಡುಗೆಮನೆಯ ಅರ್ಧ ರಾಜ್ಯ ಅವರದಾಗಿತ್ತು. ಹೆಂಡತಿ ಚಪ್ಪಲಿ ಬಿಟ್ಟ ಸದ್ದಿನಲ್ಲೇ ಹವಾಮಾನ ತಿಳಿದು ರೇಡಿಯೋ ಆರಿಸಿದರು. ಹೆಂಡತಿ ಹೇಳಿದ್ದನ್ನೆಲ್ಲ ಹೆಚ್ಚುತ್ತಲೇ ಕೇಳಿದರು.

"ತಪ್ಪು ನಂದೂ ಇದೆ ಕಣ್ರೀ. ಅದಕ್ಕೇ ಇಷ್ಟು ಕೋಪ ಬರ್ತಿರೋದು."

"ಇರ್ಲಿ ಬಿಡು. ನಿನ್ನ ಮೇಲೆ ನೀನು ಕೋಪ ಮಾಡ್ಕೊಂಡು ಮನೇಲಿ ಕೂತ್ರೆ ಅವನಿಗೇ ಅನುಕೂಲ," ಎಂದರು ಗಂಡ. "ಆಯಮ್ಮನ ಹತ್ರ ಹೋಗಿದ್ಯಾ?"

ಹೋಗಿರಲಿಲ್ಲ. ಯಾವ ಮುಖ ಹೊತ್ತು ಹೋಗುವುದು ಎಂದು ಎರಡು ಬೀದಿ ಸುತ್ತಿ ಮನೆಗೆ ಬಂದಿದ್ದರು.

ಮರುದಿನ ಹೋದರು. ಕ್ಲಚ್ಚಕ್ಕ ಕಾರಿನಡಿ ಮಲಗಿದ್ದಳು. ಕಾಲುಗಳು ಮಾತ್ರ ಕಾಣುತ್ತಿದ್ದವು. ಮೇಡಂ ಆ ಕಾಲುಗಳಿಗೇ ನಡೆದದ್ದನ್ನೆಲ್ಲ ಹೇಳಿದರು. ಬಣ್ಣದ ಹೆಸರು, ಬೋರ್ಡು, ಯಾವುದನ್ನೂ ಮುಚ್ಚಿಡಲಿಲ್ಲ.

"ಅಂದ್ರೆ ನನ್ನ ಹೆಸರು ಜೋಪಾನ, ನನ್ನ ಹೊಟ್ಟೆಪಾಡು ಗೋಡೆ ಮೇಲೆ," ಎಂದಿತು ಕಾರಿನಡಿಯ ದನಿ. "ಓದಿದೋರ ತಲೆಗೆ ಮಾತ್ರ ಹೊಳಿಯೋದು ಇಂಥದ್ದು."

"ಹೌದು."

"ಹೌದಂತೆ!" ಒಂದು ಸ್ಪ್ಯಾನರ್ ಠಣ್ಣೆಂದು ನೆಲಕ್ಕೆ ಬಿತ್ತು. "ಕ್ಷಮಿಸಿ ಅಂತ ಹೇಳೋಕೆ ಬಂದ್ರಾ? ಅದನ್ನ ಹಾಕಿದ್ರೆ ಗಾಡಿ ಓಡತ್ತಾ?"

"ಓಡಲ್ಲ. ಅದಕ್ಕೇ ಕರೆಯೋಕೆ ಬಂದೆ. ಪ್ರದರ್ಶನದ ದಿನ ಬನ್ನಿ. ಬೆನ್ನ ಹಿಂದೆ ಆಗಿದ್ದನ್ನ ನಿಮ್ಮ ಎದುರಿಗೇ ಕೇಳ್ತೀನಿ."

"ಕೇಳಿದ್ರೆ ಅಂಗಳ ಬರತ್ತಾ?"

"ಗೊತ್ತಿಲ್ಲಮ್ಮಾ."

ಒಂದು ಕೈ ಹೊರಗೆ ಬಂದು ಬಿದ್ದ ಸ್ಪ್ಯಾನರನ್ನು ಒಳಗೆಳೆದುಕೊಂಡಿತು. ಕಾರಿನಡಿಯಲ್ಲಿ ಮತ್ತೆ ಬೋಲ್ಟು ಬಿಗಿಯುವ ಸದ್ದು ಶುರುವಾಯಿತು.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ಸಲಹೆ ಪಡೆದ ಅಂಗಡಿಯವರೆಲ್ಲ ಒಗೆದು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದು ಕೂತಿದ್ದರು: ಬೇಕರಿಯವನು, ಕನ್ನಡಕದ ಅಂಗಡಿಯ ಅಣ್ಣತಮ್ಮಂದಿರು, ಸಮಾರಂಭಗಳಿಗೆ ಕುರ್ಚಿ ಬಾಡಿಗೆ ಕೊಡುವ ಮುದುಕರು. ಮುಂದಿನ ಸಾಲಿನಲ್ಲಿ ಡೀನ್, ಅವರ ಪಕ್ಕ ಬಿಳೀ ಕಾರಿನ ಯಜಮಾನರು. ಕ್ಲಚ್ಚಕ್ಕ ತಡವಾಗಿ ಬಂದಳು. ಕೂರಲು ಜಾಗವಿರಲಿಲ್ಲ. ಬಾಗಿಲಲ್ಲಿದ್ದ ಕಚೇರಿಯ ಸಹಾಯಕ ತನ್ನ ಸ್ಟೂಲು ಬಿಟ್ಟುಕೊಟ್ಟು ಗೋಡೆಗೆ ಒರಗಿದ.

ನೀಲಿ ತಂಡದ ಸರದಿ ಬಂತು. ತಂಡದ ನಾಯಕ ಸಂಭಾವಿತ ಹುಡುಗ; ಅಪ್ಪನ ಕೋಟು ಹಾಕಿಕೊಂಡಿದ್ದನೇನೋ, ತೋಳು ಬೆರಳ ತುದಿಯವರೆಗೆ ಬರುತ್ತಿತ್ತು. ಪರದೆಯ ಮೇಲೆ ಅಂಗಳದ ಚಿತ್ರ, ಅದರ ಮೇಲೆ ಬಾಣಗಳು. ಹೆದರಿದ ಹೆಂಗಸರಿಗೆ ಮೊದಲು ಖಾಲಿ ನೆಲ ಕೊಡಬೇಕು, ಬೈಗುಳ ಇರಬಾರದು, ಬೆಳಗಿನ ಹೊತ್ತೇ ಸರಿ. ಒಂದೊಂದು ಸಾಲಿಗೂ ಮೇಡಂ ಕಿವಿಯಲ್ಲಿ ಕ್ಲಚ್ಚಕ್ಕನ ಗಂಟಲು ಕೇಳುತ್ತಿತ್ತು. ಚಪ್ಪಾಳೆ ಬಿತ್ತು. ಮಿಂಚು ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಮೇಡಂ ಎದ್ದು ನಿಂತರು. "ಒಂದು ಪ್ರಶ್ನೆ. ಅಂಗಳದ ಈ ಯೋಚನೆ ನಿಮಗೆ ಎಲ್ಲಿಂದ ಬಂತು?"

"ಟೈಮಾಗತ್ತೆ ಮೇಡಂ, ಆಮೇಲೆ..." ಎಂದು ಮಿಂಚು ಮೇಷ್ಟ್ರು ಎದ್ದರು.

"ನೀವು ಕೂತ್ಕೊಳ್ಳಿ. ಹುಡುಗನ್ನ ಕೇಳಿದ್ದು."

ಹುಡುಗ ಅಳುಕಲಿಲ್ಲ. ಹೆಮ್ಮೆಯಿಂದಲೇ ಹೇಳಿದ: "ಶುಕ್ರವಾರದ ಬೋರ್ಡಿಂದ ಮೇಡಂ. ಹಳದಿ ತಂಡದೋರು ಬರೆದಿದ್ರು. ಯಾರಿಂದ ಕಲಿತ್ರೂ ಅವರನ್ನ ನೆನೀಬೇಕು ಅಂತ ನೀವು ಹೇಳಿದ್ರಲ್ಲ, ಕೊನೇಲಿ ಕೃತಜ್ಞತೆನೂ ಹಾಕಿದೀವಿ." ಎಂದು ಗುಂಡಿ ಒತ್ತಿದ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡಿತು: 'ಹಳದಿ ತಂಡಕ್ಕೆ ನಮ್ಮ ಹೃತ್ಪೂರ್ವಕ ವಂದನೆಗಳು.' ಪಕ್ಕದಲ್ಲೊಂದು ಹಳದಿ ಹೂವು.

"ಹಳದಿ ಅಂದ್ರೆ ಯಾರು ಗೊತ್ತೇನಪ್ಪಾ?"

"ಇಲ್ಲ ಮೇಡಂ. ಕೇಳೋ ಹಾಗಿಲ್ವಲ್ಲ."

"ಬಾಗಿಲ ಹತ್ರ ಸ್ಟೂಲ್ ಮೇಲೆ ಕೂತಿದಾರೆ ನೋಡು. ಡ್ರೈವಿಂಗ್ ಶಾಲೆ ಅವರದು. ಆ ಅಂಗಳ ಕಂಡವರು ಅವರು. ಪರದೆ ಮೇಲೆ ನೀನು ತೋರಿಸಿದ ಮಾತೆಲ್ಲ ಅವರ ಬಾಯಿಂದ ಬಂದಿದ್ದು. ಯಾರಿಗೂ ಹೇಳಲ್ಲ ಅಂತ ನಾನು ಅವರಿಗೆ ಮಾತು ಕೊಟ್ಟಿದ್ದೆ."

ಹುಡುಗನ ಮುಖ ಬಿಳಿಚಿಕೊಂಡಿತು. ಉದ್ದನೆಯ ತೋಳಿನೊಳಗೆ ಕೈಗಳು ಮಾಯವಾದವು. ಮೇಡಂಗೆ ಅವನನ್ನು ಕಂಡು ಕನಿಕರವಾಯಿತು; ಆದರೆ ಕೋಪ ಇಳಿಯಲಿಲ್ಲ, ಬೇರೆ ಕಡೆ ತಿರುಗಿತು.

"ತಪ್ಪು ನಿಂದಲ್ಲ. ಹೆಸರು ಮುಚ್ಚಿಟ್ಟು ಬದುಕು ಬಿಚ್ಚಿಟ್ಟಿದ್ದು ನಾನು. ಎರಡೂ ಒಂದೇ ಕಸುಬು ಅಂತ ಗೊತ್ತಾದ ಮೇಲೂ ಬಾಯಿ ಮುಚ್ಕೊಂಡು, ವರದೀನ ಅತಿಥಿಗಳ ಕೈಗೆ ಕೊಡಿಸಿದ್ದು ಇವರು." ಮಿಂಚು ಮೇಷ್ಟ್ರ ಕಡೆ ಬೆರಳು ತೋರಿಸಿದರು. ಇಷ್ಟು ವರ್ಷದ ನೌಕರಿಯಲ್ಲಿ ಯಾರ ಕಡೆಗೂ ಹಾಗೆ ಬೆರಳು ತೋರಿಸಿದವರಲ್ಲ.

"ಮೇಡಂ, ಇದು ಜಾಗವಲ್ಲ," ಎಂದರು ಡೀನ್ ಪಿಸುದನಿಯಲ್ಲಿ.

"ಬೋರ್ಡಿಗೆ ಹಾಕಿದ್ದು ಎಲ್ಲರ ಎದುರಿಗೆ ಸಾರ್. ಇದೂ ಎಲ್ಲರ ಎದುರಿಗೇ ಆಗ್ಲಿ."

ಬಿಳೀ ಕಾರಿನ ಯಜಮಾನರು ಎದ್ದರು. ಕೆಟ್ಟ ಮುಖದವರಲ್ಲ. "ನೋಡೀಮ್ಮಾ, ನಾನು ಕದ್ದಿಲ್ಲ. ವಿಶ್ವವಿದ್ಯಾಲಯದೋರು ವರದಿ ಕೊಟ್ರು, ಚೆನ್ನಾಗಿತ್ತು, ಹೋಗಿ ಕೇಳ್ದೆ, ಕೊಟ್ರು. ಸಹಿ ಆಗಿಹೋಗಿದೆ. ನನಗೂ ಪಾಲುದಾರರಿದಾರೆ, ಬಿಟ್ಕೊಡೋಕಾಗಲ್ಲ. ಗೇಟಿನ ಬೋರ್ಡಲ್ಲಿರೋ ಮಾತು ನಿಮ್ದು ಅಂತೀರಲ್ಲ, ಅದನ್ನ ಇವತ್ತೇ ಅಳಿಸ್ತೀನಿ."

"ಮಾತು ವಾಪಸ್ ಕೊಟ್ಟು ನೆಲ ಇಟ್ಕೋತೀರಾ?" ಹಿಂದಿನಿಂದ ಕ್ಲಚ್ಚಕ್ಕನ ದನಿ ಬಂತು. ಮೈಕು ಬೇಕಿರಲಿಲ್ಲ. "ಎಷ್ಟು ದೊಡ್ಡ ಮನಸ್ಸು ಸ್ವಾಮೀ ನಿಮ್ದು!"

ಅಷ್ಟರಲ್ಲಿ ಬೇಕರಿಯವನು ಎದ್ದು ನಿಂತ. "ಒಂದ್ನಿಮಿಷ. ನಂದು ಯಾವ ಬಣ್ಣ? ನಂದು ಯಾರ್ಯಾರು ಓದಿದಾರೆ?" ಕನ್ನಡಕದ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೊಸ ಅಂಗಡಿ ಎಲ್ಲಿ ಹಾಕ್ತೀವಿ ಅಂತ ಎಲ್ಲಾ ಹೇಳಿದೀವಲ್ಲೋ" ಎಂದ ತಮ್ಮ. ಕುರ್ಚಿ ಬಾಡಿಗೆಯ ಮುದುಕರಿಗೆ ಕಿವಿ ಮಂದ. "ಏನಂತೆ? ಏನಂತೆ?" ಎಂದು ಪಕ್ಕದವರನ್ನು ತಿವಿಯತೊಡಗಿದರು. ಸಭಾಂಗಣ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಡೀನ್ ಎರಡೂ ಕೈಯೆತ್ತಿ ಸುಮ್ಮನಿರಿ ಎನ್ನುತ್ತಿದ್ದರು. ಅವರ ಮಾತು ಅವರಿಗೇ ಕೇಳುತ್ತಿರಲಿಲ್ಲ.

ಕ್ಲಚ್ಚಕ್ಕ ಈ ಗದ್ದಲದ ನಡುವೆ ಕಿಟಕಿಯ ಬಳಿ ಹೋಗಿ ನಿಂತಿದ್ದಳು. ಹೊರಗೆ ನೋಡುತ್ತಲೇ ಕೂಗಿ ಕೇಳಿದಳು: "ಇದು ಯಾರ ಜಾಗ?"

ಎಲ್ಲರೂ ತಿರುಗಿದರು. ಕಿಟಕಿಯಾಚೆ ಸಿಬ್ಬಂದಿಯ ವಾಹನ ನಿಲ್ಲಿಸುವ ನೆಲ ಬಿಸಿಲಿಗೆ ಹರಡಿಕೊಂಡಿತ್ತು.

"ನಮ್ಮದೇ," ಎಂದರು ಡೀನ್.

"ಬೆಳಗ್ಗೆ ನೀವೆಲ್ಲ ಬರೋಕೆ ಮುಂಚೆ?"

"ಖಾಲಿ ಇರತ್ತೆ. ಆದ್ರೆ ಹೊರಗಿನವರಿಗೆ ಕೊಡೋ ಪದ್ಧತಿ ಇಲ್ಲ. ಸಮಿತಿ ಕರೀಬೇಕು, ಅದಕ್ಕೊಂದು..."

"ನಿಮ್ಮ ಕೋಣೇಲಿ ಹೋಗಿದ್ದು ನನ್ನ ಅಂಗಳ. ನಿಮ್ಮ ಅಂಗಳ ಕೊಡಿ."

ಮೇಡಂ ಡೀನ್ ಎದುರಿಗೆ ಬಂದು ನಿಂತರು. ಈಗ ದನಿ ಏರಿಸಲಿಲ್ಲ. "ಸಾರ್, ನಾಳೆಯಿಂದ ಪ್ರತಿ ಅಂಗಡಿ ಬಾಗಿಲಿಗೂ ನಾನೇ ಹೋಗ್ತೀನಿ. ನಮ್ಮಲ್ಲಿ ಹೇಳಿದ್ದು ನಮ್ಮಲ್ಲಿ ನಿಲ್ಲಲಿಲ್ಲ ಅಂತ ಒಬ್ಬೊಬ್ಬರಿಗೂ ಹೇಳಿ ಬರ್ತೀನಿ. ಅದು ಹೇಗಿದ್ರೂ ಹೇಳ್ಲೇಬೇಕಾದ್ದು. ಆಮೇಲೆ ಏನ್ಮಾಡಿದ್ರಿ ಅಂತ ಅವರು ಕೇಳ್ತಾರೆ. ಅದಕ್ಕೆ ಏನು ಹೇಳ್ಲಿ? ಸಮಿತಿ ಕರೀತೀವಿ ಅಂದ್ರು ಅನ್ಲಾ?"

ಡೀನ್ ಬೇಕರಿಯವನನ್ನು ನೋಡಿದರು, ಕನ್ನಡಕದವರನ್ನು ನೋಡಿದರು, ತಮ್ಮ ಮುಖ್ಯ ಅತಿಥಿಯನ್ನು ನೋಡಿದರು. ಅತಿಥಿ, "ಕೊಡಿ ಸಾರ್, ಅದರಲ್ಲೇನು" ಎಂದುಬಿಟ್ಟರು.

"ಸರಿ, ಸರಿ. ಬೆಳಗಿನ ಹೊತ್ತು. ಈ ವರ್ಷ ಮಾತ್ರ," ಎಂದರು ಡೀನ್.

"ಮುಂದಿನ ವರ್ಷ ಮತ್ತೆ ಬಂದು ಕೂಗ್ತೀನಿ," ಎಂದಳು ಕ್ಲಚ್ಚಕ್ಕ.

ಮೊಗಸಾಲೆಯಲ್ಲಿ ಮಿಂಚು ಮೇಷ್ಟ್ರು ಅಡ್ಡಗಟ್ಟಿದರು. ಮುಖ ಕೆಂಪಗಿತ್ತು. "ವಿದ್ಯಾರ್ಥಿಗಳ ಎದುರಿಗೆ ನನ್ನ ಮಾನ ಕಳೆದ್ರಿ."

"ನಂದನ್ನೂ ಕಳ್ಕೊಂಡೆ. ಲೆಕ್ಕಕ್ಕೆ ಹಿಡೀಲಿಲ್ವಾ?"

"ಮುಂದಿನ ವರ್ಷ ನಿಮ್ಮ ಜೊತೆ ಈ ಕೋರ್ಸ್ ಮಾಡಲ್ಲ ನಾನು."

"ನಾನೂ ಅದನ್ನೇ ಹೇಳೋಣ ಅಂತಿದ್ದೆ. ಓಡೋದ್ರಲ್ಲಿ ನೀವೇ ಮುಂದು," ಎಂದು ಹೇಳಿ ಮೇಡಂ ಮೆಟ್ಟಿಲಿಳಿದರು. ಹೀಗೆ ಚುಚ್ಚಿದ್ದಕ್ಕೆ ಆಮೇಲೆ ಬೇಸರವಾಗಬಹುದು ಎಂದುಕೊಂಡರು. ಸದ್ಯಕ್ಕೆ ಆಗಲಿಲ್ಲ.

ಕೆಳಗೆ ಕ್ಲಚ್ಚಕ್ಕ ಆಗಲೇ ನೆಲವನ್ನು ಕಾಲಲ್ಲಿ ಅಳೆಯುತ್ತಿದ್ದಳು. ಎರಡು ವಾಹನದ ಜಾಗಕ್ಕೆ ಓರೆಯಾಗಿ ನಿಂತಿದ್ದ ಒಂದು ಕಾರಿನ ಮುಂದೆ ನಿಂತು, "ಇದ್ಯಾವ ಪುಣ್ಯಾತ್ಮಂದು?" ಎಂದು ಮಹಡಿಗೆಲ್ಲ ಕೇಳುವಂತೆ ಕೂಗಿದಳು. ಮಿಂಚು ಮೇಷ್ಟ್ರು ಕಿಟಕಿಯಲ್ಲಿ ಇಣುಕಿ ತಟ್ಟನೆ ಹಿಂದಕ್ಕೆ ಸರಿದರು. ನೀಲಿ ತಂಡದ ಹುಡುಗ ಕೋಟು ಕಳಚಿ ತೋಳ ಮೇಲೆ ಹಾಕಿಕೊಂಡು ಮೆಲ್ಲಗೆ ಅವಳ ಬಳಿ ಬಂದ. ಏನೋ ಹೇಳಲು ಬಾಯಿ ತೆರೆದ.

"ನಿನ್ನ ವಂದನೆ ನೋಡ್ದೆ ಬಿಡೋ," ಎಂದಳು ಅವಳು. "ಹೂವು ಚೆನ್ನಾಗಿತ್ತು. ಈಗ ಹೋಗು, ನಿನ್ನ ಮುಖ ನೋಡೋಕೆ ನಂಗಿನ್ನೂ ಆಗ್ತಿಲ್ಲ."

ಅವನು ಹೋದ ಮೇಲೆ ಮೇಡಂ ಹತ್ತಿರ ಬಂದರು.

"ನೀವು ನಂಗೆ ಉಪಕಾರ ಮಾಡಿದ್ರಿ ಅಂತ ತಿಳ್ಕೋಬೇಡಿ ಮೇಡಂ. ಹೋಗಿದ್ದು ಗೋಡೆ ಇರೋ ಅಂಗಳ. ಇಲ್ಲಿ ನಾಲ್ಕೂ ಕಡೆ ಬಯಲು. ಹೆದರಿಕೊಂಡು ಬರೋರಿಗೆ ನೋಡೋರ ಕಣ್ಣು ತಪ್ಪಿದ್ದಲ್ಲ."

"ತಿಳ್ಕೊಂಡಿಲ್ಲಮ್ಮಾ."

"ನಿಮ್ಮ ಹುಡುಗೀರನ್ನ ಇನ್ನು ಶೆಡ್ಡಿಗೆ ಕಳಿಸ್ಬೇಡಿ. ಅವರ ಮೇಲೆ ಸಿಟ್ಟಿಲ್ಲ. ಹೇಳೋಕೆ ನನ್ನ ಹತ್ರ ಏನೂ ಉಳಿದಿಲ್ಲ."

ಮೇಡಂ ತಲೆಯಾಡಿಸಿದರು. ಅವರ ಕೋಪವೂ ಆರಿರಲಿಲ್ಲ. ಆದರೆ ಈಗ ಅದನ್ನು ಯಾರ ಮೇಲೆ ಸುರಿಯುವುದೋ ತಿಳಿಯಲಿಲ್ಲ. ಗೇಟಿನ ಪಕ್ಕ ಯಾವುದೋ ಕಾಮಗಾರಿಯಿಂದ ಉಳಿದ ಒಡೆದ ಇಟ್ಟಿಗೆಗಳು ನೆಲದ ಮೇಲೆ ಚೆದುರಿದ್ದವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಎರಡು ಚೂರು ಎತ್ತಿಕೊಂಡು ಬದಿಗೆ ನಡೆದರು.

"ಅಲ್ಲಲ್ಲ," ಎಂದು ಕ್ಲಚ್ಚಕ್ಕ ಹಿಂದಿನಿಂದ ಕೂಗಿದಳು. "ಅಲ್ಲಿ ಹಾಕಿದ್ರೆ ರಿವರ್ಸ್ ತಗೊಳ್ಳೋವಾಗ ಚಕ್ರಕ್ಕೆ ಸಿಗತ್ತೆ. ಆ ಕಡೆ ಮೂಲೇಗೆ. ಇನ್ನೂ ಆಚೆ."

ಮೇಡಂ ಇನ್ನೂ ಆಚೆಗೆ ನಡೆದರು.